ಟಿವಿ ಜಾಹೀರಾತು ಸಿಟ್ಟು ತರಿಸುತ್ತದೆ ಸರಿ, ಕೊಳ್ಳುವ ಹಾಗೆ ಮಾಡುತ್ತದಾ?

ಶಾಂತಲಾ
ನಿನ್ನೆ ರಾತ್ರಿ ಅಮ್ಮನ ಜೊತೆ ಕೂತು ಟಿವಿಯಲ್ಲಿ ಒಂದು ಸಿನಿಮಾ ನೋಡುತ್ತಿದ್ದೆ. ಅಪ್ಪ ಮಗಳು ಎಷ್ಟೋ ವರ್ಷದ ಮೇಲೆ ಎದುರಾಗುವ ದೃಶ್ಯ. ಇಬ್ಬರೂ ಸುಮ್ಮನೆ ನಿಂತಿದ್ದಾರೆ. ಅಮ್ಮನ ಕಣ್ಣು ತುಂಬಿತ್ತು. ಮಗಳು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಟಾಯ್ಲೆಟ್ ತೊಳೆಯುವ ದ್ರವದ ಜಾಹೀರಾತು. ಅದಾದ ಮೇಲೆ ಒಂದು ಸೋಪು. ಆಮೇಲೆ ಮೊಬೈಲು. ಆಮೇಲೆ ಮತ್ತೆ ಅದೇ ಸೋಪು. ಸಿನಿಮಾ ವಾಪಸ್ ಬರುವಷ್ಟರಲ್ಲಿ ಅಮ್ಮ ಎದ್ದು ಮಲಗಲು ಹೋಗಿದ್ದರು.

ನನ್ನದು ಎರಡು ಪ್ರಶ್ನೆ. ಜಾಹೀರಾತು ಕಂಡರೆ ಇಷ್ಟು ಸಿಟ್ಟು ಯಾಕೆ ಬರುತ್ತದೆ? ಇಷ್ಟು ಸಿಟ್ಟು ಬರಿಸಿಯೂ ಅದು ಕೆಲಸ ಮಾಡುತ್ತದಾ? ನಾನಂತೂ ಜಾಹೀರಾತು ನೋಡಿ ಇವತ್ತಿನವರೆಗೆ ಒಂದು ವಸ್ತುವನ್ನೂ ಕೊಂಡಿಲ್ಲ. ಆ ಸೋಪನ್ನಂತೂ ಬೇಕಂತಲೇ ಮುಟ್ಟುವುದಿಲ್ಲ.

ರವಿಕಿರಣ
"ಬೇಕಂತಲೇ ಮುಟ್ಟುವುದಿಲ್ಲ" ಅಂದಿರಲ್ಲ ಮೇಡಂ, ನಿಮ್ಮ ಉತ್ತರ ಅಲ್ಲೇ ಇದೆ. ಅಂಗಡಿಯಲ್ಲಿ ಹತ್ತು ಸೋಪು ಇದ್ದರೂ ಆ ಒಂದರ ಹೆಸರು ನಿಮ್ಮ ತಲೆಯಲ್ಲಿ ಕೂತಿದೆ. ಬೇರೆ ಒಂಬತ್ತರ ಹೆಸರು ಹೇಳಿ ನೋಡೋಣ.

ನಾನು 14 ವರ್ಷ ಜಾಹೀರಾತು ಏಜೆನ್ಸಿಯಲ್ಲಿ ಮೀಡಿಯಾ ಪ್ಲಾನಿಂಗ್ ಮಾಡಿದವನು. ಯಾವ ಜಾಹೀರಾತು ಯಾವ ಚಾನೆಲ್‌ನಲ್ಲಿ ಎಷ್ಟು ಸಲ ಬರಬೇಕು ಅಂತ ಲೆಕ್ಕ ಹಾಕುವ ಕೆಲಸ. ಕಿರಿಕಿರಿಯಾದರೆ ಮಾರಾಟ ಆಗುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಅಮೆರಿಕದಲ್ಲಿ ಚಾರ್ಮಿನ್ ಅಂತ ಒಂದು ಟಾಯ್ಲೆಟ್ ಪೇಪರ್ ಇದೆ. 1964ರಿಂದ 1985ರವರೆಗೆ ಅದರ ಜಾಹೀರಾತಿನಲ್ಲಿ ಮಿಸ್ಟರ್ ವಿಪಲ್ ಅನ್ನುವ ಅಂಗಡಿಯವ ಬರುತ್ತಿದ್ದ. ಪೇಪರ್ ಹಿಸುಕಬೇಡಿ ಅಂತ ಗಿರಾಕಿಗಳಿಗೆ ಗದರುತ್ತಿದ್ದ, ಕೊನೆಗೆ ತಾನೇ ಕದ್ದು ಹಿಸುಕುತ್ತಿದ್ದ. ಡಿಕ್ ವಿಲ್ಸನ್ ಅನ್ನುವ ನಟ 500ಕ್ಕೂ ಜಾಸ್ತಿ ಜಾಹೀರಾತುಗಳಲ್ಲಿ ಇದೇ ಪಾತ್ರ ಮಾಡಿದ. ನೋಡಿ ನೋಡಿ ಜನಕ್ಕೆ ತಲೆ ಚಿಟ್ಟು ಹಿಡಿದಿತ್ತು. ಪೇಪರ್ ಮಾತ್ರ ಮಾರಾಟ ಆಗುತ್ತಲೇ ಇತ್ತು.

ಲೆಕ್ಕದ ಮೇಷ್ಟ್ರು
"ಮಾರಾಟ ಆಗುತ್ತಲೇ ಇತ್ತು." ಜಾಹೀರಾತಿನಿಂದಲೇ ಆಯಿತು ಅಂತ ನಿಮಗೆ ಹೇಗೆ ಗೊತ್ತು? ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತು ಅಂದಳಂತೆ ಅಜ್ಜಿ. ಅದೇ ವಾದ ಇದು.

ಕತೆ ಬಿಡಿ, ಅಳತೆಗೆ ಬನ್ನಿ. ಶಪೀರೊ, ಹಿಟ್ಶ್, ಟಕ್‌ಮನ್ ಅನ್ನುವ ಮೂವರು 288 ಬ್ರ್ಯಾಂಡ್‌ಗಳ ಟಿವಿ ಜಾಹೀರಾತನ್ನು ಅವುಗಳ ಮಾರಾಟದ ಜೊತೆ ಇಟ್ಟು ನೋಡಿದರು. 2021ರಲ್ಲಿ ಪ್ರಕಟವಾದ ಅಧ್ಯಯನ. ಶೇಕಡ 80ಕ್ಕೂ ಹೆಚ್ಚು ಬ್ರ್ಯಾಂಡ್‌ಗಳಲ್ಲಿ, ಹಾಕಿದ ದುಡ್ಡು ವಾಪಸ್ ಬರುವುದಿಲ್ಲ ಅಂತ ಕಂಡಿತು. ನಿಮ್ಮ 14 ವರ್ಷದ ಅನುಭವಕ್ಕಿಂತ ಇದು ದೊಡ್ಡದು.

ರವಿಕಿರಣ
"ಹಾಕಿದ ದುಡ್ಡು" ಅಲ್ಲ ಮೇಷ್ಟ್ರೇ. ಆ ಶೇಕಡ 80ರ ಲೆಕ್ಕ ಇರುವುದು ಈಗ ಹಾಕುತ್ತಿರುವುದರ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ. ಹೊಟ್ಟೆ ತುಂಬಿದವನಿಗೆ ಇನ್ನೊಂದು ತುತ್ತು ರುಚಿಸದಿದ್ದರೆ, ಮೊದಲ ತುತ್ತೂ ದಂಡ ಅಂತ ಆಗುವುದಿಲ್ಲ. ಓದುವಾಗ ಪೂರ್ತಿ ಓದಬೇಕು.

ಮಂಜುನಾಥ
ಇದೆಲ್ಲ ದೊಡ್ಡವರ ಲೆಕ್ಕ. ಮೊದಲನೇ ಪ್ರಶ್ನೆಗೆ ಉತ್ತರ ಸಿಂಪಲ್. ಸಿಟ್ಟು ಬರುವುದು ಸೌಂಡ್‌ನಿಂದ. ಆ್ಯಡ್ ಬಂದ ತಕ್ಷಣ ಸೌಂಡ್ ದುಪ್ಪಟ್ಟು ಮಾಡುತ್ತಾರೆ. ನಮ್ಮ ಮನೆಯಲ್ಲಿ ಎಂಟು ತಿಂಗಳ ಮಗು ಇದೆ. ಮಲಗಿಸಿ ಬಂದು ಕೂತರೆ ಹತ್ತು ನಿಮಿಷಕ್ಕೆ ಆ್ಯಡ್ ಕಿರುಚುತ್ತದೆ, ಮಗು ಏಳುತ್ತದೆ. ರಿಮೋಟ್ ಕೈಯಲ್ಲೇ ಹಿಡಿದು ಟಿವಿ ನೋಡಬೇಕು.

ಧ್ವನಿಪೆಟ್ಟಿಗೆ
"ದುಪ್ಪಟ್ಟು" ಆಗುವುದಿಲ್ಲ. ನಾನು ಸೌಂಡ್ ಮಿಕ್ಸಿಂಗ್ ಮಾಡುವವನು, ಜಾಹೀರಾತಿಗೂ ಮಾಡಿದ್ದೇನೆ. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅಷ್ಟು ಏರಿಸಿ ಕೊಟ್ಟರೆ ಅಳತೆಯ ಶಿಸ್ತು ಇರುವ ಚಾನೆಲ್ ಫೈಲನ್ನೇ ವಾಪಸ್ ಕಳಿಸುತ್ತದೆ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲೇ ಆರ್128 ಅನ್ನುವ ಅಳತೆ ತಂದಿತು. ಕಾರ್ಯಕ್ರಮವೂ ಜಾಹೀರಾತೂ ಎರಡೂ ಮೈನಸ್ 23 ಎಲ್‌ಯುಎಫ್‌ಎಸ್‌ಗೆ ಕೂರಬೇಕು. ಕಿವಿಗೆ ಸರಾಸರಿ ಎಷ್ಟು ಜೋರು ಅನ್ನಿಸುತ್ತದೆ ಅನ್ನುವುದರ ಅಳತೆ ಅದು. ಸರಾಸರಿ ಎರಡಕ್ಕೂ ಒಂದೇ.

ಮಂಜುನಾಥ
ಸರಾಸರಿ ಒಂದೇ ಆದರೆ ನನ್ನ ಮಗು ಯಾಕೆ ಏಳುತ್ತದೆ?

ಉಷಾ
ಸೌಂಡ್ ಒಂದೇ ಕಾರಣ ಅಲ್ಲ. ಆಕರ್, ಬ್ರುಜೋನ್ ಅನ್ನುವ ಇಬ್ಬರು 1985ರಲ್ಲಿ 524 ಟಿವಿ ಜಾಹೀರಾತು ತೆಗೆದುಕೊಂಡು, ಜನಕ್ಕೆ ಯಾವುದು ಕಿರಿಕಿರಿ, ಯಾಕೆ ಅಂತ ನೋಡಿದ್ದರು. ಸುಳ್ಳು ಸುಳ್ಳಾಗಿ ಕಟ್ಟಿದ ದೃಶ್ಯ. ಒಬ್ಬರ ರೂಪವನ್ನೋ ತಿಳಿವಳಿಕೆಯನ್ನೋ ಇನ್ನೊಬ್ಬರು ಹೀಗಳೆಯುವುದು. ಒಂದು ವಸ್ತುವಿಗಾಗಿ ಗಂಡ ಹೆಂಡತಿ, ತಾಯಿ ಮಗು ನಡುವೆ ಬಿರುಕು ಬರುವ ಹಾಗೆ ತೋರಿಸುವುದು. ಇವೇ ಹೆಚ್ಚು ಚುಚ್ಚುವಂಥವು. ಶರ್ಟಿನ ಮೇಲೆ ಕಲೆ ಉಳಿದರೆ ಕ್ಯಾಮೆರಾ ತಾಯಿಯ ಮುಖಕ್ಕೇ ಹೋಗುತ್ತದೆ, ಗಮನಿಸಿದ್ದೀರಾ? ನನಗೆ ಅದು ಪ್ರತಿ ಸಲ ನೋವಾಗುತ್ತದೆ.

ಇನ್ನೊಂದು ಮಾತು. ಮಕ್ಕಳಿಗೆ ಯಾವುದು ಕಾರ್ಯಕ್ರಮ, ಯಾವುದು ಜಾಹೀರಾತು ಅಂತಲೇ ಗೊತ್ತಾಗುವುದಿಲ್ಲ. ಸ್ವೀಡನ್ 1991ರಿಂದ 12 ವರ್ಷದೊಳಗಿನ ಮಕ್ಕಳಿಗೆ ಗುರಿಯಿಟ್ಟ ಟಿವಿ ಜಾಹೀರಾತನ್ನೇ ನಿಲ್ಲಿಸಿದೆ. ಕೆನಡಾದ ಕ್ವಿಬೆಕ್ 1980ರಲ್ಲೇ 13ರೊಳಗಿನವರಿಗೆ ನಿಲ್ಲಿಸಿತು. ಜಾಹೀರಾತು ಕೆಲಸವೇ ಮಾಡುವುದಿಲ್ಲ ಅನ್ನುವವರು ಇದಕ್ಕೆ ಏನು ಹೇಳುತ್ತೀರಿ?

ಧ್ವನಿಪೆಟ್ಟಿಗೆ
ಮಂಜುನಾಥ್ ಅವರೇ, ಮಗು ಏಳುವುದು ಸದ್ದಿನ ಗಾತ್ರಕ್ಕಲ್ಲ, ಸದ್ದು ಬದಲಾಗುವುದಕ್ಕೆ. ಸಿನಿಮಾದಲ್ಲಿ ಪಿಸುಮಾತು ಇರುತ್ತದೆ, ಮೌನ ಇರುತ್ತದೆ, ಹೊಡೆದಾಟವೂ ಇರುತ್ತದೆ. ಎಲ್ಲ ಸೇರಿ ಒಂದು ಸರಾಸರಿ. ಜಾಹೀರಾತಿನಲ್ಲಿ ಮೌನಕ್ಕೆ ಜಾಗವೇ ಇಲ್ಲ. ಇರುವ 30 ಸೆಕೆಂಡನ್ನೂ, ಸದ್ದಿನ ಏರಿಳಿತ ಕಡಿಮೆ ಮಾಡುವ ಕಂಪ್ರೆಸರ್ ಹಾಕಿ, ಒಂದೇ ಮಟ್ಟಕ್ಕೆ ತರುತ್ತೇವೆ. ಸಣ್ಣ ಸದ್ದು ಮೇಲೆ ಬರುತ್ತದೆ, ದೊಡ್ಡದು ಕೆಳಗೆ ಬರುತ್ತದೆ. ಅಳತೆ ಒಂದೇ, ನಿಮ್ಮ ಕಿವಿಗೆ ಮಾತ್ರ ಬೇರೆ ಅನ್ನಿಸುತ್ತದೆ.

ಮಂಜುನಾಥ
"ನಿಮ್ಮ ಕಿವಿಗೆ ಮಾತ್ರ"?! ಅಂದರೆ ನನ್ನ ಕಿವಿ ಸರಿಯಿಲ್ಲ ಅಂತಲಾ? ನಾನು ಫೋನ್‌ನಲ್ಲಿ ಡೆಸಿಬೆಲ್ ಆ್ಯಪ್ ಹಾಕಿ ಅಳೆದಿದ್ದೇನೆ ಸ್ವಾಮಿ. ಸಿನಿಮಾ ನಡೆಯುವಾಗ 52, ಆ್ಯಡ್ ಬಂದಾಗ 63. ಹನ್ನೊಂದು ಡೆಸಿಬೆಲ್! ನೀವೇ ಹೇಳಿದ್ದಲ್ವಾ, ಹತ್ತು ಏರಿದರೆ ದುಪ್ಪಟ್ಟು ಅಂತ? ಹಾಗಾದರೆ ನನ್ನ ಮಾತೇ ಸರಿ.

ಧ್ವನಿಪೆಟ್ಟಿಗೆ
ಫೋನ್ ಆ್ಯಪ್ ಅಳತೆ ಅಲ್ಲ. ಫೋನಿನ ಮೈಕ್ ಇರುವುದು ಮಾತು ಹಿಡಿಯುವುದಕ್ಕೆ. ಎಷ್ಟೋ ಫೋನ್‌ಗಳು ಸದ್ದನ್ನು ತಾವೇ ಏರಿಸಿ ಇಳಿಸಿ ಮಾಡುತ್ತವೆ.

ಮಂಜುನಾಥ
ನಿಮ್ಮ ಮೀಟರ್ ಹೇಳಿದರೆ ವಿಜ್ಞಾನ, ನನ್ನ ಫೋನ್ ಹೇಳಿದರೆ ಸುಳ್ಳು. ಚೆನ್ನಾಗಿದೆ.

ಲೆಕ್ಕದ ಮೇಷ್ಟ್ರು
ರವಿಕಿರಣ್, "ಪೂರ್ತಿ ಓದಬೇಕು" ಅಂದಿರಿ. ಓದಿಯೇ ಬರೆದದ್ದು. ಅದೇ ಅಧ್ಯಯನದಲ್ಲಿ ಮುಂದಿನ ಮಾತು ಕೇಳಿ. ಇನ್ನಷ್ಟು ಹಾಕಿದರೆ ಏನು ಅನ್ನುವುದನ್ನು ಬಿಟ್ಟು, ಒಟ್ಟಾರೆ ಹಾಕಿದ್ದಕ್ಕೇ ಲೆಕ್ಕ ಹಿಡಿದರೂ ಲಾಭ ಕಂಡದ್ದು ಮೂರರಲ್ಲಿ ಒಂದು ಭಾಗ ಬ್ರ್ಯಾಂಡ್‌ಗಳು ಮಾತ್ರ. ಮೊದಲ ತುತ್ತೂ ದಂಡವೇ, ಮೂವರಲ್ಲಿ ಇಬ್ಬರಿಗೆ.

ಪ್ರಾಕ್ಟರ್ ಅಂಡ್ ಗ್ಯಾಂಬಲ್ 2017ರಲ್ಲಿ ಒಂದೇ ತ್ರೈಮಾಸಿಕದಲ್ಲಿ 10 ಕೋಟಿ ಡಾಲರ್‌ಗೂ ಹೆಚ್ಚು ಡಿಜಿಟಲ್ ಜಾಹೀರಾತು ಕಡಿತ ಮಾಡಿತು. ಮಾರಾಟಕ್ಕೆ ಏನೂ ಆಗಲಿಲ್ಲ ಅಂತ ಕಂಪನಿಯೇ ಹೇಳಿತು. ಆನ್‌ಲೈನ್‌ನಲ್ಲಿ ಕೊಳ್ಳುವ ಮಾರುವ ತಾಣ ಇಬೇ, ಇಂಟರ್‌ನೆಟ್ ಹುಡುಕಾಟದ ಪುಟದಲ್ಲಿ ತನ್ನದೇ ಹೆಸರಿಗೆ ಹಾಕುತ್ತಿದ್ದ ಜಾಹೀರಾತು ನಿಲ್ಲಿಸಿ ನೋಡಿತು. ಬರುವವರು ಹೇಗಿದ್ದರೂ ಬಂದರು.

ರವಿಕಿರಣ
ಮೂರರಲ್ಲಿ ಒಂದು ಭಾಗಕ್ಕೆ ಲಾಭ ಇದೆ ಅಂತ ಈಗ ಒಪ್ಪಿಕೊಂಡಿರಿ. ಅಷ್ಟು ಸಾಕು ನನಗೆ.

ನೀವು ಕೊಟ್ಟ ಮಿಕ್ಕ ಎರಡೂ ಉದಾಹರಣೆ ಇಂಟರ್‌ನೆಟ್‌ನವು. ಇಲ್ಲಿ ಚರ್ಚೆ ಟಿವಿಯದು. ಟಿವಿ ಬೇಕಾ, ಪೆಪ್ಸಿಯನ್ನು ನೋಡಿ. 23 ವರ್ಷ ಬಿಡದೆ ಸೂಪರ್ ಬೌಲ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಫೈನಲ್ ಆಟದ ನಡುವೆ ಜಾಹೀರಾತು ಕೊಟ್ಟವರು 2010ರಲ್ಲಿ ನಿಲ್ಲಿಸಿದರು. ಆ ದುಡ್ಡನ್ನು ಸಮಾಜಸೇವೆಯ ಒಂದು ಆನ್‌ಲೈನ್ ಯೋಜನೆಗೆ ತಿರುಗಿಸಿದರು. ಅದೇ ವರ್ಷ ಅಮೆರಿಕದಲ್ಲಿ ಡಯಟ್ ಕೋಕ್ ಅವರನ್ನು ಹಿಂದೆ ಹಾಕಿತು. ಎರಡನೇ ಸ್ಥಾನದಿಂದ ಮೂರಕ್ಕೆ ಬಿದ್ದರು.

ಲೆಕ್ಕದ ಮೇಷ್ಟ್ರು
ಒಂದು ಕಂಪನಿ, ಒಂದು ವರ್ಷ. ಅಲ್ಲಿ ಕೋಲಾದಂಥ ಪಾನೀಯ ಕುಡಿಯುವುದನ್ನೇ ಜನ ಆಗಲೇ ಕಡಿಮೆ ಮಾಡುತ್ತಿದ್ದರು. ಮತ್ತೆ ಅದೇ ಅಜ್ಜಿ, ಅದೇ ಕೋಳಿ. ಈ ಸಲ ಕೋಳಿ ಕೂಗಲಿಲ್ಲ, ಅದಕ್ಕೇ ಕತ್ತಲು ಅನ್ನುತ್ತಿದ್ದೀರಿ.

ಹಳೇ ರೇಡಿಯೋ
ನಾನು ಟಿವಿ ರಿಪೇರಿ ಮಾಡುತ್ತಿದ್ದವನು, ಈಗ ನಿವೃತ್ತ. ಒಂದು ವಿಷಯ ಹೇಳಬೇಕು. ಈ ಸಿಟ್ಟು ಹೊಸದೇನಲ್ಲ. ಟಿವಿಯ ಮೊದಲ ಅಧಿಕೃತ ಜಾಹೀರಾತು ಬಂದದ್ದು 1941ರ ಜುಲೈ 1ರಂದು, ನ್ಯೂಯಾರ್ಕ್‌ನಲ್ಲಿ. ಬುಲೋವಾ ಗಡಿಯಾರದ್ದು. ಬೇಸ್‌ಬಾಲ್ ಆಟ ಶುರುವಾಗುವ ಮುಂಚೆ ಕೆಲವೇ ಸೆಕೆಂಡು ತೋರಿಸಿದರು. ಅಲ್ಲಿಂದ 14 ವರ್ಷಕ್ಕೆ, 1955ರಲ್ಲಿ, ಜೆನಿತ್ ಕಂಪನಿ ಫ್ಲ್ಯಾಶ್‌ಮ್ಯಾಟಿಕ್ ಅನ್ನುವ ರಿಮೋಟ್ ತಂದಿತು. ವೈರ್ ಇಲ್ಲದ ಮೊದಲ ಟಿವಿ ರಿಮೋಟ್. ಪಿಸ್ತೂಲಿನ ಆಕಾರ. ಅದರಿಂದ ಬೆಳಕು ಬಿಟ್ಟರೆ ಟಿವಿಯ ಮೂಲೆಯಲ್ಲಿದ್ದ ಕಣ್ಣು ಹಿಡಿಯುತ್ತಿತ್ತು. ಬೇಸರದ ಜಾಹೀರಾತಿನ ಸದ್ದನ್ನು ಕೂತಲ್ಲಿಂದಲೇ ಆರಿಸಿ ಅಂತಲೇ ಅದನ್ನು ಮಾರಿದರು. ರಿಮೋಟ್ ಮನೆ ಮನೆಗೆ ಬಂದದ್ದರಲ್ಲಿ ಜಾಹೀರಾತಿನ ಮೇಲಿನ ಸಿಟ್ಟಿಗೂ ಪಾಲಿದೆ.

ಆದರೆ ನೆನಪಿರಲಿ, ಟಿವಿಯಲ್ಲಿ ಇಷ್ಟೆಲ್ಲ ಕಾರ್ಯಕ್ರಮ ನೋಡಲು ಸಿಗುವುದು ಜಾಹೀರಾತಿನ ದುಡ್ಡಿನಿಂದ. ಬೇಡ ಅಂದರೆ ಬಿಬಿಸಿಗೆ ಬ್ರಿಟನ್ನಿನವರು ಕೊಡುವ ಹಾಗೆ ವರ್ಷಕ್ಕಿಷ್ಟು ಅಂತ ಲೈಸೆನ್ಸ್ ಹಣ ಕಟ್ಟಬೇಕು.

ಮಂಜುನಾಥ
"ಸದ್ದನ್ನು ಆರಿಸಿ"! ನೋಡಿ, 1955ರಲ್ಲೇ ಜನಕ್ಕೆ ಸೌಂಡೇ ತೊಂದರೆ ಆಗಿತ್ತು. ಧ್ವನಿಪೆಟ್ಟಿಗೆ ಸರ್, ಈಗ ಹೇಳಿ.

ಧ್ವನಿಪೆಟ್ಟಿಗೆ
ಬೇಸರದ ಮಾತು ಕೇಳಬಾರದು ಅಂತ ಮ್ಯೂಟ್ ಮಾಡುವುದು ಬೇರೆ, ಜೋರಾಗಿದೆ ಅಂತ ಮ್ಯೂಟ್ ಮಾಡುವುದು ಬೇರೆ. ಇದನ್ನೂ ಬಿಡಿಸಿ ಹೇಳಬೇಕಾ?

ಮಂಜುನಾಥ
ಹೇಳಿ. ಇದನ್ನೂ ಬಿಡಿಸಿ ಹೇಳಿ. ಆ್ಯಡ್ ಜೋರಾಗಿ ಇರುವುದೇ ಇಲ್ಲ ಅಂದಮೇಲೆ ಅಮೆರಿಕದವರು ಅದಕ್ಕೆ ಕಾನೂನು ಯಾಕೆ ಮಾಡಿದರು? ಕಾಮ್ ಆ್ಯಕ್ಟ್ ಅಂತ ಇದೆ, 2012ರ ಡಿಸೆಂಬರ್ 13ರಿಂದ ಜಾರಿ. ಕಾರ್ಯಕ್ರಮಕ್ಕಿಂತ ಆ್ಯಡ್ ಜೋರಾಗಿ ಇರಬಾರದು ಅಂತ. ಇಲ್ಲದ ರೋಗಕ್ಕೆ ಯಾರಾದರೂ ಔಷಧಿ ಕೊಡುತ್ತಾರಾ?

ಧ್ವನಿಪೆಟ್ಟಿಗೆ
ಕಾನೂನು ಬಂದಮೇಲೆ ಸರಿಯಾಯಿತು ಅಂತಲೇ ನಾನು ಹೇಳುತ್ತಿರುವುದು! ಮೊದಲು ಮೇಲಿನ ಮಿತಿ ಮಾತ್ರ ಅಳೆಯುತ್ತಿದ್ದರು. ಅದನ್ನು ಪೀಕ್ ಅನ್ನುತ್ತೇವೆ. ಸದ್ದು ಒಂದು ಕ್ಷಣವೂ ಆ ಗೆರೆ ದಾಟಬಾರದು, ಅಷ್ಟೇ. ಗೆರೆಯ ಕೆಳಗೆ ಅಂಟಿಕೊಂಡೇ ಎಷ್ಟು ಹೊತ್ತು ಇದ್ದರೂ ಕೇಳುವವರಿರಲಿಲ್ಲ. ಜಾಹೀರಾತಿನವರು ಮಾಡಿದ್ದು ಅದನ್ನೇ. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವುದನ್ನೇ ಅಳೆಯುವ ವಿಧಾನ ಕೊಟ್ಟಿತು. ಅಲ್ಲಿಂದ ಮುಂದೆ ಆ ಆಟ ನಡೆಯುವುದಿಲ್ಲ.

ಶಾಂತಲಾ
"ಆ ಆಟ" ಅಂದಿರಲ್ಲ. ಅಂದರೆ ಆಟ ಆಡುತ್ತಿದ್ದುದು ನಿಜ. ಇಷ್ಟು ಹೊತ್ತು ಮಂಜುನಾಥ್ ಅವರ ಕಿವಿಯ ಮೇಲೆ ತಪ್ಪು ಹೊರಿಸುತ್ತಿದ್ದಿರಿ.

ಧ್ವನಿಪೆಟ್ಟಿಗೆ
ನಾನು ಯಾರ ಕಿವಿಯ ಮೇಲೂ ತಪ್ಪು ಹೊರಿಸಿಲ್ಲ. ಹಿಂದೆ ಆಡುತ್ತಿದ್ದರು ಅಂದೆ. ಈಗಿನದನ್ನು ಹೇಳುತ್ತಿದ್ದೇನೆ.

ರವಿಕಿರಣ
ಸೌಂಡ್ ಬಿಡಿ. ಬ್ರೇಕ್ ಬಂದರೆ ನೋಡುವ ಸುಖ ಹಾಳಾಗುತ್ತದೆ ಅನ್ನುವುದೇ ಪೂರ್ತಿ ನಿಜ ಅಲ್ಲ. ನೆಲ್ಸನ್, ಮೈವಿಸ್, ಗ್ಯಾಲಕ್ ಅನ್ನುವ ಸಂಶೋಧಕರು 2009ರಲ್ಲಿ ಇದನ್ನು ಪ್ರಕಟಿಸಿದರು. ಕೆಲವರಿಗೆ ಕಾರ್ಯಕ್ರಮವನ್ನು ಜಾಹೀರಾತು ಸೇರಿಸಿ ತೋರಿಸಿದರು, ಕೆಲವರಿಗೆ ಜಾಹೀರಾತು ಇಲ್ಲದೆ. ಬ್ರೇಕ್ ಇಲ್ಲದಿದ್ದರೆ ಹೆಚ್ಚು ಖುಷಿ ಅಂತಲೇ ಜನ ಮೊದಲು ಅಂದುಕೊಂಡಿದ್ದರು. ನಿಜದಲ್ಲಿ ಬ್ರೇಕ್ ಇದ್ದವರೇ ಹೆಚ್ಚು ಖುಷಿಪಟ್ಟರು. ಒಂದೇ ಸಮನೆ ನೋಡಿದರೆ ಮನಸ್ಸು ಒಗ್ಗಿಕೊಂಡು ರುಚಿ ಕಡಿಮೆಯಾಗುತ್ತದೆ. ನಡುವೆ ಬಿಟ್ಟು ಮತ್ತೆ ನೋಡಿದರೆ ರುಚಿ ವಾಪಸ್ ಬರುತ್ತದೆ.

ಶಾಂತಲಾ
"ಹೆಚ್ಚು ಖುಷಿಪಟ್ಟರು"? ನನ್ನ ಅಮ್ಮ ಎದ್ದು ಹೋದರು ರವಿಕಿರಣ್. ಎದ್ದು ಹೋದವರನ್ನು ಆ ಪ್ರಯೋಗದಲ್ಲಿ ಯಾರು ಎಣಿಸಿದರು? ಕೂರಿಸಿ ತೋರಿಸಿ, ಆಮೇಲೆ ಖುಷಿಯಾಯಿತಾ ಅಂತ ಕೇಳುವುದು ಬೇರೆ. ಮನೆಯಲ್ಲಿ ಕಣ್ಣು ತುಂಬಿ ಕೂತ ಹೊತ್ತಿಗೆ ಟಾಯ್ಲೆಟ್ ತೋರಿಸುವುದು ಬೇರೆ. ನಮ್ಮ ಒಳಗೆ ಏನೋ ನಡೆಯುತ್ತಿರುವಾಗ ಒಬ್ಬರು ಬಾಗಿಲು ತಟ್ಟದೆ ನುಗ್ಗಿದ ಹಾಗೆ ಅದು. ಸಿಟ್ಟು ಬರುವುದು ಆ ನುಗ್ಗುವಿಕೆಗೆ. ನೀವು ಅದನ್ನು ರುಚಿ ಅನ್ನುತ್ತೀರಿ.

ರವಿಕಿರಣ
ಬಾಗಿಲು ತೆರೆದಿಟ್ಟವರು ನೀವೇ. ಟಿವಿ ಹಾಕಿದ್ದು ಯಾರು?

ಶಾಂತಲಾ
ಇದು ಉತ್ತರ ಅಲ್ಲ. ದಯವಿಟ್ಟು ಹೀಗೆ ಮಾತಾಡಬೇಡಿ.

ಉಷಾ
ಮಕ್ಕಳ ವಿಷಯ ಕೇಳಿದ್ದೆ. ಯಾರೂ ಉತ್ತರ ಕೊಡಲಿಲ್ಲ.

ಲೆಕ್ಕದ ಮೇಷ್ಟ್ರು
ಉಷಾ ಅವರೇ, ಸರ್ಕಾರ ನಿಲ್ಲಿಸಿತು ಅಂದಮಾತ್ರಕ್ಕೆ ಅದು ಕೆಲಸ ಮಾಡುತ್ತಿತ್ತು ಅಂತ ಆಗುವುದಿಲ್ಲ. ಅಮೆರಿಕ 1971ರ ಜನವರಿ 2ರಿಂದ ಟಿವಿ, ರೇಡಿಯೋದಲ್ಲಿ ಸಿಗರೇಟು ಜಾಹೀರಾತು ನಿಲ್ಲಿಸಿತು. ಆಮೇಲೆ ಒಂದೆರಡು ವರ್ಷ ತಲಾ ಸಿಗರೇಟು ಬಳಕೆ ಇಳಿಯುವ ಬದಲು ಸ್ವಲ್ಪ ಏರಿತು. ಜಾಹೀರಾತಿಗೆ ಅಷ್ಟು ಶಕ್ತಿ ಇದ್ದಿದ್ದರೆ ಹೀಗಾಗುತ್ತಿತ್ತಾ?

ರವಿಕಿರಣ
ಮೇಷ್ಟ್ರೇ, ಅರ್ಧ ಹೇಳಿ ನಿಲ್ಲಿಸಿದಿರಿ. 1967ರಲ್ಲಿ ಅಲ್ಲಿನ ಪ್ರಸಾರ ಆಯೋಗ ಒಂದು ನಿಯಮ ತಂದಿತ್ತು. ಸಿಗರೇಟು ಜಾಹೀರಾತು ತೋರಿಸುವ ಚಾನೆಲ್, ಸೇದಬೇಡಿ ಅನ್ನುವ ಸಂದೇಶಕ್ಕೂ ಸಮಯ ಕೊಡಬೇಕು. ಅವು ಬರುತ್ತಿದ್ದ ವರ್ಷಗಳಲ್ಲಿ ಬಳಕೆ ಇಳಿಯಿತು. 1971ರಲ್ಲಿ ಸಿಗರೇಟಿನ ಜಾಹೀರಾತು ಹೋದಾಗ ಆ ಸಂದೇಶಗಳೂ ತೆರೆಯಿಂದ ಮರೆಯಾದವು. ಆಗ ಬಳಕೆ ಏರಿತು. ಸೇದಬೇಡಿ ಅನ್ನುವುದೂ ಟಿವಿ ಜಾಹೀರಾತೇ ಅಲ್ವಾ? ನಿಮ್ಮ ಉದಾಹರಣೆ ನನ್ನ ಪರವಾಗಿಯೇ ಇದೆ.

ಲೆಕ್ಕದ ಮೇಷ್ಟ್ರು
"ನನ್ನ ಪರವಾಗಿ" ಅಂತ ಖುಷಿಪಡಬೇಡಿ. ಅದೇ ಹೊತ್ತಿಗೆ ವೈದ್ಯರ ವರದಿ ಇತ್ತು, ತೆರಿಗೆ ಇತ್ತು. ಎಲ್ಲ ಬೆರೆತಿದೆ. ಬಿಡಿಸಿ ಅಳೆಯದೆ ಮಾತಾಡಬಾರದು.

ರವಿಕಿರಣ
ನೀವು ಹೇಳಿದಾಗ ಬೆರೆತಿರಲಿಲ್ಲ. ನಾನು ಹೇಳಿದ ಮೇಲೆ ಬೆರೆಯಿತು.

ಬಿಡಿಸಿ ಅಳೆದದ್ದೂ ಇದೆ, ಅದನ್ನೂ ಕೇಳಿ. ಕೇಬಲ್ ಟಿವಿಯಲ್ಲಿ ಕೆಲವು ಮನೆಗೆ ಜಾಸ್ತಿ ಜಾಹೀರಾತು, ಕೆಲವು ಮನೆಗೆ ಕಡಿಮೆ ಕಳಿಸಿ, ಆ ಮನೆಯವರು ಏನು ಕೊಂಡರು ಅಂತ ನೋಡಿದ 389 ಪ್ರಯೋಗಗಳಿವೆ. ಲೊಡಿಷ್ ಮತ್ತು ಜೊತೆಗಾರರು 1995ರಲ್ಲಿ ಅವನ್ನೆಲ್ಲ ಒಟ್ಟಿಗೆ ಇಟ್ಟು ಬರೆದರು. ಹೊಸ ವಸ್ತುಗಳಿಗೆ ಟಿವಿ ಜಾಹೀರಾತು ಚೆನ್ನಾಗಿ ಕೆಲಸ ಮಾಡುತ್ತದೆ. ನೀವು ಹೇಳಿದ 288 ಬ್ರ್ಯಾಂಡ್ ಎಲ್ಲವೂ ಆಗಲೇ ಜನಕ್ಕೆ ಗೊತ್ತಿದ್ದಂಥವು.

ಲೆಕ್ಕದ ಮೇಷ್ಟ್ರು
ಅದೇ 389ರಲ್ಲಿ ಹಳೇ ಬ್ರ್ಯಾಂಡ್‌ಗಳ ಕತೆ ಏನಾಯಿತು? ಸುಮ್ನೆ ಜಾಹೀರಾತಿನ ಪ್ರಮಾಣ ಏರಿಸಿದರೆ ಹೆಚ್ಚಿನ ಸಲ ಮಾರಾಟ ಏರಲಿಲ್ಲ. ಅದನ್ನು ಯಾಕೆ ಬಿಟ್ಟಿರಿ? ಶಾಂತಲಾ ಅವರ ಸೋಪು ಒಂದೇ ಬ್ರೇಕ್‌ನಲ್ಲಿ ಎರಡು ಸಲ ಬಂತು. ಅದು ಹೊಸ ಸೋಪಾ?

ಶಾಂತಲಾ
ಹೊಸದಲ್ಲ. ನಾನು ಶಾಲೆಯಲ್ಲಿದ್ದಾಗಿನಿಂದ ಬರುತ್ತಿದೆ.

ರವಿಕಿರಣ
ಶಾಲೆಯಲ್ಲಿದ್ದಾಗಿನಿಂದ ನೆನಪಿದೆ! ಇದಕ್ಕಿಂತ ಇನ್ನೇನು ಬೇಕು? ಝಯಾಂಕ್ ಅನ್ನುವ ಮನಶ್ಶಾಸ್ತ್ರಜ್ಞ 1968ರಲ್ಲೇ ತೋರಿಸಿದ್ದ. ಅರ್ಥವೇ ಗೊತ್ತಿಲ್ಲದ ಪದವನ್ನೂ ಮತ್ತೆ ಮತ್ತೆ ಕಂಡರೆ ಜನಕ್ಕೆ ಅದು ಹಿತ ಅನ್ನಿಸಲು ಶುರುವಾಗುತ್ತದೆ. ಒಂದು ದಿನ ಅವಸರದಲ್ಲಿ ಅಂಗಡಿಗೆ ಹೋಗಿರುತ್ತೀರಿ. ಕೈ ಗೊತ್ತಿರುವ ಹೆಸರಿನ ಕಡೆಗೇ ಹೋಗುತ್ತದೆ. ಜಾಹೀರಾತು ನೋಡಿ ಕೊಂಡೆ ಅಂತ ನಿಮಗೆ ಅನ್ನಿಸುವುದೇ ಇಲ್ಲ.

ಶಾಂತಲಾ
ಕೊಂಡರೆ ಜಾಹೀರಾತು ಗೆದ್ದಿತು. ಕೊಳ್ಳದಿದ್ದರೆ ನೆನಪಿದೆಯಲ್ಲ, ಆಗಲೂ ಗೆದ್ದಿತು. ಗೊತ್ತಿಲ್ಲದೆ ಕೊಂಡೆ ಅನ್ನುತ್ತೀರಿ, ಗೊತ್ತಿಲ್ಲದ್ದನ್ನು ನಾನು ಹೇಗೆ ಅಲ್ಲಗಳೆಯಲಿ? ನನ್ನ ಮನಸ್ಸಿನ ಬಗ್ಗೆ ನನಗಿಂತ ನಿಮಗೇ ಹೆಚ್ಚು ಗೊತ್ತು ಅಂತ ಮಾತಾಡುತ್ತೀರಲ್ಲ, ಜಾಹೀರಾತಿನಲ್ಲಿ ನನಗೆ ಆಗದೇ ಇರುವುದು ಇದೇ.

ಹಳೇ ರೇಡಿಯೋ
ಲೈಸೆನ್ಸ್ ಹಣ ಕಟ್ಟಲು ಯಾರು ತಯಾರಿದ್ದೀರಿ? ಅದನ್ನು ಮೊದಲು ಹೇಳಿ. ಬಿಟ್ಟಿ ನೋಡಬೇಕು, ಜಾಹೀರಾತೂ ಇರಬಾರದು ಅಂದರೆ ಹೇಗೆ?

ಉಷಾ
"ಬಿಟ್ಟಿ" ಯಾರಿಗೆ ಸರ್? ಎಷ್ಟೋ ಚಾನೆಲ್‌ಗಳಿಗೆ ತಿಂಗಳ ಹಣವನ್ನೂ ಕಟ್ಟುತ್ತೇವೆ, ಜಾಹೀರಾತನ್ನೂ ನೋಡುತ್ತೇವೆ. ಜಾಹೀರಾತಿನ ಖರ್ಚು ವಸ್ತುವಿನ ಬೆಲೆಯಲ್ಲೇ ಸೇರಿರುತ್ತದೆ, ಅದನ್ನೂ ನಾವೇ ಕೊಡುತ್ತೇವೆ. ಮೂರು ಸಲ ಕೊಟ್ಟವರಿಗೆ ಬಿಟ್ಟಿ ಅನ್ನಬೇಡಿ.

ಧ್ವನಿಪೆಟ್ಟಿಗೆ
ಮಂಜುನಾಥ್ ಅವರ 52, 63ರ ಲೆಕ್ಕಕ್ಕೆ ವಾಪಸ್ ಬರುತ್ತೇನೆ. ನನಗೆ ಸಮಾಧಾನ ಇಲ್ಲ. ಅಳೆದಾಗ ಸಿನಿಮಾದಲ್ಲಿ ಯಾವ ದೃಶ್ಯ ನಡೆಯುತ್ತಿತ್ತು?

ಮಂಜುನಾಥ
ಆಸ್ಪತ್ರೆ ದೃಶ್ಯ. ಯಾಕೆ?

ಧ್ವನಿಪೆಟ್ಟಿಗೆ
ಅದೇ ನೋಡಿ. ಇಡೀ ಸಿನಿಮಾದ ಸರಾಸರಿ ಮೈನಸ್ 23 ಇರಬಹುದು. ಆಸ್ಪತ್ರೆ ದೃಶ್ಯ ಅದಕ್ಕಿಂತ ಹತ್ತು ಹನ್ನೆರಡು ಕೆಳಗೇ ಇರುತ್ತದೆ. ಬ್ರೇಕ್ ಹಾಕುವುದು ಯಾವಾಗ? ಎಲ್ಲರೂ ಉಸಿರು ಬಿಗಿಹಿಡಿದ ಹೊತ್ತಿಗೆ, ಮೌನದಲ್ಲಿ. ಶಾಂತಲಾ ಅವರ ಅಪ್ಪ ಮಗಳ ದೃಶ್ಯದ ಹಾಗೆ. ಆ ಮೌನದ ಮೇಲೆ ಮೈನಸ್ 23ರ ಜಾಹೀರಾತು ಬಂದರೆ ಹೊಡೆದ ಹಾಗೆ ಆಗುತ್ತದೆ. ಅದರಲ್ಲೂ ನಮ್ಮ ಕಿವಿ 2,000ದಿಂದ 5,000 ಹರ್ಟ್ಜ್ ನಡುವಿನ ಸದ್ದಿಗೆ ತುಂಬಾ ಸೂಕ್ಷ್ಮ. ಮಗು ಅಳುವ ಸದ್ದಿನಲ್ಲೂ ಆ ಭಾಗ ಇದೆ. ಜಾಹೀರಾತಿನ ದನಿಯನ್ನು ಅಲ್ಲೇ ಸ್ವಲ್ಪ ಚೂಪು ಮಾಡಿರುತ್ತೇವೆ, ಅಡುಗೆಮನೆಯಲ್ಲಿ ಇರುವವರಿಗೂ ಕೇಳಲಿ ಅಂತ.

ಮಂಜುನಾಥ
"ಚೂಪು ಮಾಡಿರುತ್ತೇವೆ." ಎಲ್ಲರೂ ಓದಿ. ಕೊನೆಗೂ ಬಾಯಿಬಿಟ್ಟರು. ಮಗು ಅಳುವ ಸದ್ದಿನ ಭಾಗ ಹುಡುಕಿ, ಅದರಲ್ಲೇ ಚುಚ್ಚಿ, ನನ್ನ ಮಗುವನ್ನು ಎಬ್ಬಿಸುತ್ತಾರೆ. ಮೂರು ದಿನದಿಂದ ನನ್ನ ಫೋನು ಸುಳ್ಳು, ನನ್ನ ಕಿವಿ ಸುಳ್ಳು ಅನ್ನುತ್ತಿದ್ದಿರಿ. ನಾಚಿಕೆ ಆಗಬೇಕು.

ಧ್ವನಿಪೆಟ್ಟಿಗೆ
ನಾನು ಹೇಳಿದ್ದು ಅದಲ್ಲ. ಅಳತೆ ಮೀರಿಲ್ಲ ಅಂದೆ, ಈಗಲೂ ಅದನ್ನೇ ಹೇಳುತ್ತೇನೆ. ನಿಮ್ಮ ಮೇಲೆ ಕೋಪ ಇಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ. ಆಟೋ ವಾಲ್ಯೂಮ್ ಅಂತಲೋ ನೈಟ್ ಮೋಡ್ ಅಂತಲೋ ಇರುತ್ತದೆ. ಅದನ್ನು ಹಾಕಿ ನೋಡಿ.

ಲೆಕ್ಕದ ಮೇಷ್ಟ್ರು
ರವಿಕಿರಣ್, ಆ ಹಳೇ ಸೋಪಿಗೆ ಇನ್ನೂ ಉತ್ತರ ಬಂದಿಲ್ಲ. ಎಲ್ಲರಿಗೂ ಗೊತ್ತಿರುವ ವಸ್ತುವನ್ನು ಒಂದೇ ಬ್ರೇಕ್‌ನಲ್ಲಿ ಎರಡು ಸಲ ಯಾಕೆ ತೋರಿಸಿದರು?

ರವಿಕಿರಣ
ನಿಲ್ಲಿಸಿದರೆ ಪಕ್ಕದ ಕಂಪನಿಯ ಸೋಪು ಆ ಜಾಗಕ್ಕೆ ಬರುತ್ತದೆ. ಇಬ್ಬರೂ ನಿಲ್ಲಿಸಿದರೆ ಇಬ್ಬರಿಗೂ ದುಡ್ಡು ಉಳಿಯುತ್ತದೆ, ಆದರೆ ಮೊದಲು ಯಾರು ನಿಲ್ಲಿಸಬೇಕು? ಒಂದೇ ಬ್ರೇಕ್‌ನಲ್ಲಿ ಎರಡು ಸಲ ಹಾಕಿದ್ದು ಕೆಟ್ಟ ಪ್ಲಾನಿಂಗ್, ನಾನು ಹಾಗೆ ಮಾಡುತ್ತಿರಲಿಲ್ಲ. ಅದಕ್ಕೇ ಜಾಹೀರಾತು ಕೆಲಸ ಮಾಡುವುದಿಲ್ಲ ಅನ್ನುವುದು ಸರಿಯಲ್ಲ.

ಲೆಕ್ಕದ ಮೇಷ್ಟ್ರು
"ಇಬ್ಬರಿಗೂ ದುಡ್ಡು ಉಳಿಯುತ್ತದೆ." ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು.

ರವಿಕಿರಣ
ಅಲ್ಲ. ನೀವು ಹೇಳಿದ್ದು ಬೇರೆ. ಮೇಲೆ ಹೋಗಿ ಓದಿ.

ಉಷಾ
ಮಕ್ಕಳ ಬಗ್ಗೆ ಕೇಳಿದರೆ ಸಿಗರೇಟಿನ ಕತೆ ಹೇಳಿದಿರಿ ಮೇಷ್ಟ್ರೇ. ಐದು ವರ್ಷದ ಮಗುವಿಗೆ ನೆಲ್ಸನ್, ಝಯಾಂಕ್ ಯಾರೂ ಗೊತ್ತಿಲ್ಲ. ತೆರೆಯ ಮೇಲೆ ಕಂಡದ್ದು ಬೇಕು ಅಂತ ಅಂಗಡಿಯ ನೆಲದ ಮೇಲೆ ಕೂತು ಅಳುತ್ತದೆ. ಕೆಲಸ ಮಾಡುತ್ತದಾ ಅಂತ ಕೇಳುವವರು ಒಂದು ಸಲ ಅಲ್ಲಿಗೆ ಬಂದು ನಿಂತು ನೋಡಲಿ.

ಮಂಜುನಾಥ
ನಿನ್ನೆ ರಾತ್ರಿ ನೈಟ್ ಮೋಡ್ ಹಾಕಿದೆ. ಎರಡು ಬ್ರೇಕ್ ಹೋದವು, ಮಗು ಏಳಲಿಲ್ಲ. ಅಂದಮೇಲೆ ನಾನು ಹೇಳಿದ್ದೇ ಸರಿ ಅಂತಾಯಿತು. ಆ್ಯಡ್ ಜೋರಾಗಿ ಇಲ್ಲದಿದ್ದರೆ ಟಿವಿ ಕಂಪನಿಯವರು ಅದನ್ನು ತಗ್ಗಿಸಲು ಬಟನ್ ಯಾಕೆ ಕೊಡುತ್ತಿದ್ದರು?

ಧ್ವನಿಪೆಟ್ಟಿಗೆ
ಆ ಬಟನ್ ಇರುವುದು ಜಾಹೀರಾತನ್ನು ತಗ್ಗಿಸಲು ಮಾತ್ರ ಅಲ್ಲ, ಸಿನಿಮಾದ ಪಿಸುಮಾತನ್ನು ಮೇಲಕ್ಕೆ ಎತ್ತುವುದಕ್ಕೂ.

ಮಂಜುನಾಥ
"ಜಾಹೀರಾತನ್ನು ತಗ್ಗಿಸಲು." ನೀವೇ ಬರೆದದ್ದು.